ಮೌನಪ್ಪನ ಪಾಲು

ಜಾಲಹಳ್ಳ್ಯಾಗ ಹೋತ ಕೊಯ್ಯಾಂವ ನಾನು, ಮೀರಾಹುಸೇನ. ಒಂದು ಹೋತ ಕೊಯ್ಯಬೇಕಂದ್ರ ಹತ್ತು ಮನಿ ಕೂಡಿ ಹತ್ತು ಪಾಲು ಹಿಡೀಬೇಕು. ಆ ಪಾಲು ಕೂಡಿಸಾಂವ ಮೌನಪ್ಪ. ಶನಿವಾರ ಸಂಜಿಗಿ ಓಣಿ ಓಣಿ ಒದರಕೋತ ಹೋಗ್ತಿದ್ದ: "ಯವ್ವಾ, ಎಳೀ ಹೋತ ಅದ, ನಿಮ್ಮದೊಂದು ಪಾಲು ಹಿಡೀಲೇನು?" ಬರಿಯಾಕ ಬರ್ತಿದ್ದಿಲ್ಲ ಅವಗ. ಹತ್ತೂ ಹೆಸರು ತಲ್ಯಾಗೇ ಇರ್ತಿದ್ದವು.

ಕೂಲಿ ಮನುಷ್ಯ. ನಮ್ಮಪ್ಪ ಕೊಯ್ಯೋವಾಗಿಂದ, ನಲವತ್ತು ವರ್ಷ ಊರಿಗೆಲ್ಲಾ ಪಾಲು ಕೂಡಿಸಿದ. ತನ್ನ ಹೆಸರಿಲೆ ಒಂದೂ ಪಾಲು ಹಿಡೀಲಿಲ್ಲ, ಎಲ್ಲಿಂದ ತರಬೇಕು ರೊಕ್ಕ? ಕೊಯ್ದ ನಮಗ ತಲಿ, ಚರ್ಮ. ತಿರುಗ್ಯಾಡಿದ ಅವಗ ನಾಕು ಕಾಲು. ಹಂಗ ಪದ್ಧತಿ. ಅವನ ಹೇಣ್ತಿ ಅಮರಮ್ಮ ಕಾಲು ಸುಟ್ಟು, ಕೆರೆದು, ಸಂಜಿತನಕ ಕುದಿಸಾಕಿ. "ಖಂಡ ತಿಂದ ಸಾವ್ಕಾರಗ ಹಲ್ಲಾಗ ಸಿಕ್ಕೊಂತದ, ನನಗ ಆ ತ್ರಾಸಿಲ್ಲ ನೋಡಲೇ" ಅಂತ ನಗ್ತಿದ್ದ ಮೌನಪ್ಪ.

ಆಮ್ಯಾಗ ರೇಟು ಏರಿತು. ಪಾಲಿಗೆ ಎಂಟುನೂರು ಅಂದಕೂಡ್ಲೆ ಮಂದಿ "ಕೋಳಿ ತಂದೀವಿ, ಹೋಗೋ ಮಾರಾಯ" ಅಂದ್ರು. ನಾಕು ಪಾಲಿನ ಮ್ಯಾಲ ಕೂಡಲಿಲ್ಲ. ನಾನೂ ದೇವದುರ್ಗದಾಗ ಕೊಯ್ದು ರಾಯಚೂರಿನ ಖಾನಾವಳಿಗೆ ಕಳಸಾಕತ್ತಿದೆ. ಅಲ್ಲಿ ಕಾಲಿಗೂ ರೊಕ್ಕ! ನಾವು ಪುಕ್ಕಟ ಕೊಡ್ತಿದ್ದ ಕಾಲಿನ ಸೂಪು ಪ್ಯಾಟಿ ಮಂದಿ ಪಾಳಿ ಹಚ್ಚಿ ಕುಡೀತಾರ. ಏನ್ ಹೇಳಬೇಕು ಇದಕ್ಕ.

ಈ ಬ್ಯಾಸಗ್ಯಾಗ ಮೌನಪ್ಪ ಹಾಸಿಗಿ ಹಿಡದ. ಅಮರಮ್ಮ ನಮ್ಮ ಮನಿಗೆ ಬಂದ್ಲು.

"ತಮ್ಮಾ, ಅವನ ಬಾಯಿಗೆ ಏನೂ ಸೇರವಲ್ದು. ಕಾಲಿನ ಸಾರು ಕೇಳಾಕತ್ತಾನ."

"ಐತವಾರ ತರ್ತೀನಿ ಯಕ್ಕಾ" ಅಂದೆ.

ಆ ಐತವಾರದ ಕಾಲು ಖಾನಾವಳಿಗೆ ಹೋದವು. ಮುಂದಿನ ವಾರ ಕೊಟ್ರಾತು ಅಂದಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಶುಕ್ರವಾರ ಅವ ಹೋಗೇಬಿಟ್ಟ.

ಮೂರನೇ ದಿನ ಐತವಾರ. ಸತ್ತವರಿಗೆ ಅವರು ಇಷ್ಟಪಟ್ಟಿದ್ದು ಎಡಿ ಇಡಬೇಕು. ಅವತ್ತು ಊರಾಗ ಯಾರೂ ಒದರಲಿಲ್ಲ, ಆದ್ರೂ ಹನ್ನೊಂದು ಪಾಲು ಕೂಡಿದವು. ಹನ್ನೊಂದನೇದು ಮೌನಪ್ಪಂದು, ಊರವರೇ ರೊಕ್ಕ ಹಾಕಿದ್ರು. ಹೊತ್ತು ಏರೋದ್ರಾಗ ಕೊಯ್ದು, ಮೆತ್ತನ್ನ ಖಂಡ ಆರಿಸಿ, ಮುತ್ತಲ ಎಲ್ಯಾಗ ಕಟ್ಟಿ ನಾನೇ ಒಯ್ದೆ.

"ಯಕ್ಕಾ, ಇದು ಅಣ್ಣನ ಪಾಲು."

ಅಮರಮ್ಮ ಎಲಿ ಬಿಚ್ಚಿ ಭಾಳ ಹೊತ್ತು ನೋಡಿದ್ಲು.

"ಇದು ಅವಗ ಗುರ್ತ ಹತ್ತಂಗಿಲ್ಲೋ ತಮ್ಮಾ. ಕಾಲು ಇದ್ರ ಕೊಡು."

ಕಾಲು ಎಲ್ಲಿದ್ದವು? ಕೈಗೆ ಬಿದ್ದ ರೂಢಿ ಅದು. ಕೊಯ್ದಕೂಡ್ಲೆ ನಾಕೂ ಕಾಲು ಚೀಲಕ್ಕ ಕಟ್ಟಿ ರಾಯಚೂರು ಬಸ್ಸಿಗೆ ಹಾಕಿಬಿಟ್ಟಿದ್ದೆ.