ಸೀಲಿನ ಮ್ಯಾಲೆ ಕುಂಕುಮ

ನಮ್ಮ ಮನಿಯ ಒಂದು ಖೋಲಿಯೊಳಗ ನಾಕು ವರ್ಷ ಬಾಡಿಗಿಗೆ ಇದ್ದ ಹುಡುಗಿ ಕೀನ್ಯಾ ದೇಶದಾಕಿ. ಇಲ್ಲಿ ಪುಣೆಗೆ ಫಾರ್ಮಸಿ ಓದಲಿಕ್ಕೆ ಬಂದಿದ್ಲು. ಮೊದಮೊದಲು ಜೋಳದ ರೊಟ್ಟಿ ನೋಡಿ ಮಾರಿ ಸಿಂಡರಿಸ್ತಿದ್ದಾಕಿ, ಕಡೀಕಡೀಗೆ ರೊಟ್ಟಿಗೆ ಹಚ್ಚಿಕೊಳ್ಳೋ ಶೇಂಗಾ ಹಿಂಡಿ ಮುಗೀತಂದ್ರ ನನ್ನ ಮ್ಯಾಲೇ ಸಿಟ್ಟಾಗ್ತಿದ್ಲು.

ಫಸ್ಟ್ ಕ್ಲಾಸಿನ್ಯಾಗ ಪಾಸಾದ್ಲು. ಆಕಿ ಊರಿನ ದವಾಖಾನಿಯವರು ಫೋನಿನ್ಯಾಗ ಇಂಟರ್‌ವ್ಯೂ ಮಾಡಿ ನೌಕರಿನೂ ಕೊಟ್ರು. ಆದ್ರ ಬರೋ ಸೋಮವಾರ, ಕಾಲೇಜಿನವರು ಸೀಲ್ ಮಾಡಿದ ಲಕೋಟೆಯೊಳಗಿನ ಮಾರ್ಕ್ಸ್ ಕಾರ್ಡ್ ಹಿಡಕೊಂಡು ಹಾಜರಾಗಬೇಕು. ತಪ್ಪಿದ್ರ ಯಾದಿಯೊಳಗ ಮುಂದಿದ್ದವರಿಗೆ ಆ ಜಾಗಾ. ಇತ್ತ ವೀಸಾನೂ ಮುಗೀಲಿಕ್ಕೆ ಬಂದಿತ್ತು. ಶನಿವಾರ ಮುಂಜಾನೆ ವಿಮಾನ.

ಗುರುವಾರ ಲಕೋಟೆ ತಂದು ನನ್ನ ಕೈಯಾಗ ಇಟ್ಲು. ನನಗ ಹಿಗ್ಗು ತಡಕೊಳ್ಳಲಿಕ್ಕೆ ಆಗಲಿಲ್ಲ. ದೇವರ ಮುಂದ ಇಟ್ಟು, ಅರಿಷಿಣ ಕುಂಕುಮ ಹಚ್ಚಿದೆ. ಎಲ್ಲಿ? ಬರೋಬ್ಬರಿ ಸೀಲಿನ ಮ್ಯಾಲೆ! ಬೆರಳು ಹಸಿ ಇತ್ತು, ಶಾಯಿ ಕದಡಿ ಸೀಲಿನ ಮ್ಯಾಲಿದ್ದ ಪ್ರಿನ್ಸಿಪಾಲರ ಸಹಿ ಅರ್ಧ ಅಳಿಸಿ ಹೋತು. ಮೂವತ್ತು ವರ್ಷ ಇದೇ ಪುಣೆಯ ಶಿವಾಜಿನಗರದ ಸರಕಾರಿ ಕಚೇರಿಯೊಳಗ ಕ್ಲರ್ಕ್ ಆಗಿದ್ದಾಕಿ ನಾನು. ಸೀಲ್ ಕೆಟ್ಟ ಲಕೋಟೆ ನಡಿಯೂದಿಲ್ಲಂತ ನನಗ ಯಾರು ಹೇಳಬೇಕ್ರಿ? ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ್ಲಿ!

ಹುಡುಗಿ ನೋಡಿ, ಲಕೋಟೆ ಎತ್ತಿ ಫ್ಯಾನಿನ ಕೆಳಗ ಆರಲಿಕ್ಕೆ ಇಟ್ಲು. ಬೈದಿದ್ರ ಛಲೋ ಇತ್ತು.

ಶುಕ್ರವಾರ ಬಾಗಲಾ ತಗಿಯೂದ್ರಾಗ ಇಬ್ಬರೂ ಕಾಲೇಜಿನ ಆಫೀಸಿನ ಮುಂದ ನಿಂತಿದ್ವಿ. ಅಲ್ಲಿಯ ಕ್ಲರ್ಕ್ ಹೆಣ್ಣುಮಗಳು ಲಕೋಟೆ ತಿರುವಿ ಮುರುವಿ ನೋಡಿ, "ಹೊಸಾದಕ್ಕ ಅರ್ಜಿ ಕೊಡ್ರಿ. ಎಂಟು ದಿನ ಬಿಟ್ಟು ಬರ್ರಿ" ಅಂದ್ಲು. ಇದೇ ಮಾತು ಹೇಳಿ ನಾನು ಎಷ್ಟು ಮಂದಿನ್ನ ವಾಪಸ್ ಕಳಿಸೀನೋ! ಈಗ ಕೇಳಿದ್ರ ಮೈಯೆಲ್ಲಾ ಉರೀತು. ದನಿ ಏರಿಸಿದೆ. ಆಕಿನೂ ಏರಿಸಿದ್ಲು.

"ಯಾರ್ರಿ ಇದನ್ನ ಹಚ್ಚಿದವರು? ಕಾಲೇಜಿನ ಕಾಗದ ಅಂದ್ರ ಆಟ ಆಗೇದೇನು?"

ನಾನು ಬಾಯಿ ತಗಿಯೂದ್ರಾಗ ಹುಡುಗಿ ನನ್ನ ತೋಳು ಹಿಡಿದು ಹಿಂದ ಸರಿಸಿ, ಸ್ವಚ್ಛ ಮರಾಠಿಯೊಳಗ ಹೇಳಿದ್ಲು: "ನನ್ನ ತಾಯಿ ಹಚ್ಯಾಳ. ನಾ ಪಾಸಾದೆ ಅಂತ ಖುಷಿಯಾಗಿ ಹಚ್ಯಾಳ. ಸೋಮವಾರ ನಾ ಅಲ್ಲಿ ಇರಲಿಲ್ಲಂದ್ರ ನನ್ನ ನೌಕರಿ ಹೋಗ್ತದ. ನಾನು ಇನ್ನೊಂದು ಹುಡುಕೇನು. ಆಕಿ ಮಾತ್ರ ಜನ್ಮಪೂರ್ತಿ ತನ್ನನ್ನ ತಾನೇ ಬೈಕೋತಾಳ."

ನಾಕು ವರ್ಷ ಆಂಟಿ ಅಂತ ಕರೆದಾಕಿ!

ಕ್ಲರ್ಕ್ ಒಮ್ಮೆ ಹುಡುಗಿಯ ಮಾರಿ ನೋಡಿದ್ಲು, ಒಮ್ಮೆ ನನ್ನ ಮಾರಿ ನೋಡಿದ್ಲು. "ಪ್ರಿನ್ಸಿಪಾಲರು ಮೂರಕ್ಕ ಬರ್ತಾರ. ಕೂಡ್ರಿ" ಅಂತ ಹೇಳಿ ಕುರ್ಚಿ ತೋರಿಸಿದ್ಲು. ನಾಕರೊಳಗ ಹೊಸಾ ಲಕೋಟೆ ಸಿಕ್ತು. ನಾ ಎರಡೂ ಕೈ ಹಿಂದ ಕಟ್ಟಿಕೊಂಡು ನಿಂತೆ.

ಸೋಮವಾರ ಫೋಟೋ ಬಂತು. ಬಿಳಿ ಕೋಟು, ಬಾಯಿ ತುಂಬ ನಗು. ಸುಮ್ಮನ ಕೂಡೂವಾಕಿ ಏನು ನಾನು? ಪೇಢೆ ತಗೊಂಡು ಬಿಲ್ಡಿಂಗಿನ ಎಲ್ಲಾ ಮನಿ ಬಾಗಲಾ ಬಡಿದೆ. "ಏನ್ರಿ ವಿಶೇಷ?" ಅಂದ್ಲು ಕೆಳಗಿನ ಮನಿಯಾಕಿ.

"ಮಗಳು ನೌಕರಿಗೆ ಹಾಜರಾದ್ಲು" ಅಂದೆ.

ನನಗ ಮಕ್ಕಳಿಲ್ಲ ಅನ್ನೂದು ಆಕಿಗೆ ಗೊತ್ತದ. ಒಂದು ಗಳಿಗಿ ನನ್ನ ಮಾರಿ ನೋಡಿ, "ಭಾಳ ಛಲೋ ಆತು" ಅಂತ ಹೇಳಿ ಎರಡು ಪೇಢೆ ತಗೊಂಡ್ಲು.