ಹತ್ತು ಗಂಟೆಯ ಮಗ್ಗುಲು

ಹಾಸಿಗೆ ಹಿಡಿದವರ ಆರೈಕೆ ನನ್ನ ಸೋದರತ್ತೆಯ ಕೆಲಸ. ಮೈ ಒರೆಸುವುದು, ಹುಣ್ಣಿಗೆ ಮುಲಾಮು ಹಚ್ಚುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಈಗ ಅವಳು ನೋಡಿಕೊಳ್ಳುತ್ತಿರುವುದು ಪಕ್ಕದ ಬೀದಿಯ ಬಡಗಿಯ ತಾಯಿಯನ್ನು. ಆ ಅಜ್ಜಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಬಾಯಿ ಮಾತ್ರ ಇಬ್ಬರಿಗಾಗುವಷ್ಟಿದೆ. ಒಂದು ಸರದಿ ತಪ್ಪಿದರೂ ಬೆನ್ನಿನ ಹುಣ್ಣು ಕೆರಳುತ್ತದೆ. ಬೆಳಿಗ್ಗೆ ಹತ್ತರ ಸರದಿ ಭಾನುವಾರದ ಆರಾಧನೆಯ ನಡುವೆಯೇ ಬರುತ್ತಿತ್ತು. ಹಾಗಾಗಿ ಅತ್ತೆ ಚರ್ಚಿಗೆ ಹೋಗಿ ಬಹಳ ದಿನವಾಗಿತ್ತು.

ಚರ್ಚಿನ ಸಭೆಯ ಹಿರಿಯರೊಬ್ಬರು ಗಡಿಯಾರ ರಿಪೇರಿ ಮಾಡುವವರು. ಒಂದು ಶನಿವಾರ ಅವರು ನಮ್ಮ ಮನೆಗೆ ಬಂದರು.

“ನೋಡಮ್ಮ, ರಕ್ಷಣೆ ನಂಬಿಕೆಯಿಂದ. ಸೇವೆ ಮಾಡಿ ಸ್ವರ್ಗ ಕೊಂಡುಕೊಳ್ಳೋಕಾಗಲ್ಲ. ನಂಬಿಕೆ ಇದ್ದಿದ್ರೆ ನೀನು ಚರ್ಚಿನ ಬೆಂಚಿನ ಮೇಲೆ ಕಾಣ್ತಿದ್ದೆ. ನಾಳೆ ಬರದೆ ಹೋದ್ರೆ ಇನ್ನು ನಿನಗೆ ಪ್ರಭುಭೋಜನದ ರೊಟ್ಟಿ ಇಲ್ಲ.”

ಯೇಸುವಿನ ನೆನಪಿಗೆ ಆರಾಧನೆಯಲ್ಲಿ ಹಂಚುವ ಆ ರೊಟ್ಟಿ ಎಂದರೆ ಅತ್ತೆಗೆ ಪ್ರಾಣ. ಅವಳ ಮುಖ ಸಣ್ಣದಾಯಿತು. ಆದರೂ ತಲೆ ತಗ್ಗಿಸಲಿಲ್ಲ.

“ಕೊಂಡುಕೊಳ್ಳೋರು ಯಾರು ಅಣ್ಣ? ಅದು ಪುಕ್ಕಟೆ ಸಿಕ್ಕಾಗಿದೆ. ಸ್ವರ್ಗದ ಚಿಂತೆ ಇಲ್ಲ ಅಂತಲೇ ಕೈ ಖಾಲಿ ಇದೆ. ಖಾಲಿ ಕೈ ಕಟ್ಟಿಕೊಂಡು ಕೂರಲಾ? ಬರ್ತೀನಿ ಬಿಡಿ.”

ಬಂದಳು. ಅಜ್ಜಿಯ ಮಂಚದ ಸಮೇತ. ಬಡಗಿ ಅದಕ್ಕೆ ಚಕ್ರ ಹಾಕಿಕೊಟ್ಟಿದ್ದ. ಚರ್ಚಿನ ಮೆಟ್ಟಿಲುಗಳ ಮೇಲೆ ಅತ್ತೆ, ಬಡಗಿ, ನಾನು ಮೂವರೂ ಸೇರಿ ಎತ್ತಿದೆವು. ಮುಲಾಮಿನ ವಾಸನೆ ನಮಗಿಂತ ಮೊದಲೇ ಒಳಗೆ ಹೋಯಿತು. ಅತ್ತೆ ಮಂಚವನ್ನು ಮೊದಲ ಬೆಂಚಿನ ಮುಂದೆಯೇ ನಿಲ್ಲಿಸಿದಳು.

ಹಿರಿಯರು ರೊಟ್ಟಿಯ ತಟ್ಟೆ ಹಿಡಿದು ನಮ್ಮ ಹತ್ತಿರ ಬಂದಾಗ, ಅವರೇ ರಿಪೇರಿ ಮಾಡಿದ್ದ ಗೋಡೆ ಗಡಿಯಾರ ಹತ್ತು ಹೊಡೆಯಿತು. ಅತ್ತೆ ಎದ್ದಳು.

“ಇಲ್ಲೇನಾ?” ಎಂದರು ಅವರು ಪಿಸುದನಿಯಲ್ಲಿ.

“ಹುಣ್ಣಿಗೆ ಭಾನುವಾರ ಗೊತ್ತಾಗಲ್ಲ. ತಟ್ಟೆ ಕೆಳಗಿಡಿ ಅಣ್ಣ, ಅಜ್ಜಿ ಕೆಳಗಿನ ದುಪ್ಪಟಿಯ ಆ ತುದಿ ಹಿಡೀರಿ.”

ಅವರು ಕದಲಲಿಲ್ಲ. ಬಡಗಿ ಎದ್ದ. ಅತ್ತೆ ಕೈಸನ್ನೆಯಲ್ಲೇ ಅವನನ್ನು ಕೂರಿಸಿದಳು.

“ಹಿಡಿಯಪ್ಪ, ಕಚ್ಚಲ್ಲ,” ಎಂದಳು ಅಜ್ಜಿ, ಇಡೀ ಸಭೆಗೆ ಕೇಳುವಂತೆ. “ಹಲ್ಲು ಬಿದ್ದು ಯಾವ ಕಾಲವಾಯ್ತೋ.”

ಹಿಂದೆ ಯಾರೋ ನಕ್ಕರು. ಹಿರಿಯರು ತಟ್ಟೆಯನ್ನು ಬೆಂಚಿನ ಮೇಲಿಟ್ಟು ತುದಿ ಹಿಡಿದರು. ಅಜ್ಜಿ ಹೊರಳಿದಾಗ ಹುಣ್ಣು ಕಂಡಿತು. ಅವರು ಮುಖ ತಿರುಗಿಸಿದರು, ಆದರೆ ಕೈ ಬಿಡಲಿಲ್ಲ.

ಅತ್ತೆ ಕೈ ಒರೆಸಿಕೊಂಡು ಅಂಗೈ ಚಾಚಿದಳು. “ಬಂದಿದ್ದೀನಿ ಅಣ್ಣ. ಈಗ ಕೊಡಿ.”

ಕೊಟ್ಟರು. ಅಜ್ಜಿಗೂ ಕೊಟ್ಟರು.

ಅತ್ತೆ ಕಣ್ಣು ಮುಚ್ಚಿ ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಹೇಳಿದಳು: “ಮುಂದಿನ ವಾರದೊಳಗೆ ಮಂಚದ ಚಕ್ರ ಹತ್ತೋಕೆ ಮೆಟ್ಟಿಲಿಗೊಂದು ಹಲಗೆ ಹಾಕ್ಸಿ ಅಣ್ಣ. ಹಾಸಿಗೆ ಹಿಡಿದಿರೋ ದರ್ಜಿಯ ಅಪ್ಪನ್ನೂ ಕರ್ಕೊಂಡು ಬರ್ತೀನಿ. ಅವರು ಭಾರ ಜಾಸ್ತಿ.”