‘ಇಶ್ಯೂ ಇಲ್ಲ’ ಎಂದು ಸಹಿ ಮಾಡಿದ ಮಗಳು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಹಾವೇರಿಯ ನ್ಯಾಯಾಲಯದಲ್ಲಿ ಭಾಷಾಂತರಕಾರನಾಗಿದ್ದೆ. ಕದರಮಂಡಲಗಿಯ ನಾಲ್ಕು ಎಕರೆ ಹೊಲದ ದಾವೆಯಲ್ಲಿ, ಖಾತೆ ಬದಲಾವಣೆಯ ಹಳೆಯ ಕಾಗದಗಳನ್ನು ತರಿಸಿದಾಗ, ಒಂದು ಪುಟದ ಇಂಗ್ಲಿಷ್ ಅಫಿಡವಿಟ್ ನನ್ನ ಮೇಜಿಗೆ ಬಂತು. ಹೊಲದ ಯಜಮಾನ ‘ಡೈಡ್ ಲೀವಿಂಗ್ ನೋ ಇಶ್ಯೂ’ ಎಂದಿತ್ತು. ‘ಸಂತಾನವಿಲ್ಲದೆ ತೀರಿಕೊಂಡರು’ ಎಂದು ಅನುವಾದಿಸಿದೆ. ಕೆಳಗೆ ಗಿರಿಜಾ ಎಂಬುವಳ ಸಹಿಯಿತ್ತು.

ಮೂರನೆಯ ದಿನ ಆ ಗಿರಿಜಾಳೇ ನನ್ನ ಅನುವಾದ ಹಿಡಿದು ಬಂದಳು. ಮೋಟೆಬೆನ್ನೂರಿಗೆ ಮದುವೆಯಾಗಿದ್ದ ಆಕೆ ಅಲ್ಲಿನ ಅಂಗನವಾಡಿಯ ಕಾರ್ಯಕರ್ತೆ. ಹೊಲದ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ ಚಿಕ್ಕಪ್ಪನ ಮೇಲೆ ದಾವೆ ಹಾಕಿದವಳೂ ಅವಳೇ.

“ಸರ್, ಇಲ್ಲೊಂದು ತಪ್ಪಾಗೇತ್ರಿ. ಇಶ್ಯೂ ಅಂದ್ರ ತಕರಾರಲ್ರಿ? ನಾನೂ ಪಿಯುಸಿ ಓದೀನಿ.”

“ಇದಕ್ಕ ನೀವು ಸಹಿ ಯಾಕ ಮಾಡಿದ್ರಿ?”

“ನಮ್ಮ ಕಾಕಾ ತಂದಿದ್ರು. ಹೊಲದ್ದು ಇಶ್ಯೂ ಏನಿಲ್ಲ ಅಂತ ಬರಸೀನಿ ಅಂದ್ರು. ಓದಿದೆ, ಹಂಗ ಇತ್ತು.”

“ತೀರಿಕೊಂಡವರು ನಿಮಗ ಏನಾಗಬೇಕು?”

“ನಮ್ಮಪ್ಪ.”

ಕುಳ್ಳಿರಿಸಿ ವಿವರಿಸಿದೆ. ಇಶ್ಯೂ ಶಬ್ದದ ಮೂಲ ಲ್ಯಾಟಿನ್, ಅರ್ಥ ಹೊರಗೆ ಬರುವುದು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿದೆ. ಹೊರಬಂದ ಪತ್ರಿಕೆಯ ಸಂಚಿಕೆಯೂ ಇಶ್ಯೂ, ಕಚೇರಿಯಿಂದ ಪಾಸ್‌ಬುಕ್ ಕೊಡುವುದೂ ಇಶ್ಯೂ. ದಾವೆಯಲ್ಲಿ ಇತ್ಯರ್ಥವಾಗಬೇಕಾದ ಪ್ರಶ್ನೆಯೂ ಇಶ್ಯೂ, ನಮ್ಮವರು ಆಡುವ ‘ತಕರಾರು’ ಅದಕ್ಕೆ ಹತ್ತಿರದ್ದು. ಆದರೆ ಸತ್ತವರ ಮಾತು ಬಂದಾಗ ಕಾನೂನಿನಲ್ಲಿ ಅದಕ್ಕೆ ಮಕ್ಕಳೆಂದೇ ಅರ್ಥ.

ಆಕೆ ತನ್ನ ಸಹಿಯ ಮೇಲೆ ಬೆರಳಿಟ್ಟಳು. “ಹಂಗಾರ ನಾನು ಹುಟ್ಟೇ ಇಲ್ಲ ಅಂತ ನಾನ ಸಹಿ ಮಾಡೀನಿ,” ಎಂದಳು. ಮತ್ತೆ, “ಕಾಕಾಗೂ ಗೊತ್ತಿರಾಕಿಲ್ರಿ. ಅವರಿಗೆ ಇಂಗ್ಲಿಷ್ ಬರಂಗಿಲ್ಲ,” ಎಂದಳು.

ಶಬ್ದದ ಅರ್ಥ ಹೇಳಲು ನನ್ನನ್ನು ಕರೆಸಿದ ದಿನವೇ ಕಾಕಾನ ಪಾಟೀಸವಾಲೂ ನಡೆಯಿತು. ಗಿರಿಜಾ ಅಣ್ಣನ ಮಗಳೆಂದು ಆತ ಒಪ್ಪಿಕೊಂಡ. “ತಕರಾರಿಲ್ಲ ಅಂತನ ನಾನೂ ತಿಳದಿದ್ದೆರಿ,” ಎಂದ. ಗಿರಿಜಾಳ ಮುಖ ಕೊಂಚ ಹಗುರವಾದದ್ದನ್ನು ನಾನು ಕಂಡೆ. ಆಗ ಅವಳ ವಕೀಲರು ಅದೇ ಕಾಗದಗಳಲ್ಲಿದ್ದ ಇನ್ನೊಂದು ಹಾಳೆ ತೋರಿಸಿದರು. ಅದು ಖಾತೆಗಾಗಿ ಆತ ಕೊಟ್ಟ ಕನ್ನಡದ ಅರ್ಜಿ. ‘ಮೃತರ ಮಕ್ಕಳು’ ಎಂಬುದರ ಮುಂದೆ ಕೈಬರಹದಲ್ಲಿ ‘ಯಾರೂ ಇಲ್ಲ’ ಎಂದಿತ್ತು. ಆತ ಅದು ತನ್ನ ಅಕ್ಷರವಲ್ಲವೆಂದ.

ನ್ಯಾಯಾಧೀಶರು ಗಿರಿಜಾಳನ್ನು ಕೇಳಿದರು.

“ಅವರದ ಅಕ್ಷರ ರೀ,” ಎಂದಳು. “ನನಗ ಅಕ್ಷರ ತಿದ್ದಿಸಿದವರ ಅವರು.”



ತೀರ್ಪು ಅವಳ ಪರವಾಯಿತು. ಪ್ರತಿ ಒಯ್ಯಲು ಬಂದಾಗ ಅಭಿನಂದಿಸಿದೆ. ಅವಳು ನಗಲಿಲ್ಲ. “ಇಂಗ್ಲಿಷಿನ ಶಬ್ದದಿಂದ ಮೋಸ ಆತು ಅನ್ಕೊಂಡಿದ್ನಿ ಸರ್. ಅದರಾಗ ಒಂದಿಷ್ಟು ಸಮಾಧಾನ ಇತ್ತು.”

ಅಲ್ಲಿಯವರೆಗೆ ಶಬ್ದಕ್ಕೆ ಸರಿಯಾದ ಅರ್ಥ ಹುಡುಕಿದರೆ ನನ್ನ ಕೆಲಸ ಮುಗಿಯಿತೆಂದು ತಿಳಿದಿದ್ದೆ. ಆ ಶಬ್ದವನ್ನು ಮುಂದಿಟ್ಟವನಿಗೆ ಯಾವ ಅರ್ಥ ಬೇಕಾಗಿತ್ತು ಎಂದೂ ಕೇಳಬೇಕೆಂದು ಕಲಿತದ್ದು ಅವಳಿಂದ.